ಓಟಿಪಿ ಬರುತ್ತಿಲ್ಲವೇ? ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್‌ನಲ್ಲಿ ನಂಬರ್ ಪರಿಶೀಲನೆ ಸಿಕ್ಕಿಕೊಂಡರೆ ಮಾಡಬೇಕಾದ್ದು

"ಓಟಿಪಿ ಬರವಲ್ದು ನೋಡ್ರಿ, ಎಷ್ಟು ಸಲ ಒತ್ತಿದ್ರೂ ಅಷ್ಟೇ." ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಯಾವ ಮೊಬೈಲ್ ಅಂಗಡಿ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಹೊಸ ಫೋನ್ ತಗೊಂಡವರು, ಸಿಮ್ ಬದಲಾಯಿಸಿದವರು, ಹೈದರಾಬಾದ್ ಕೆಲಸ ಬಿಟ್ಟು ಊರಿಗೆ ಬಂದವರು, ದುಬೈಯಿಂದ ರಜೆಗೆ ಬಂದವರು. ಎಲ್ಲರ ತೊಂದರೆ ಒಂದೇ ಥರ ಕಾಣುತ್ತದೆ. ಕಾರಣ ಮಾತ್ರ ಬೇರೆ ಬೇರೆ.

ಅಂಗಡಿಯವರು ಸಾಮಾನ್ಯವಾಗಿ ಮಾಡುವುದೇನು? ಆ್ಯಪ್ ತೆಗೆದು ಮತ್ತೆ ಹಾಕುತ್ತಾರೆ. ಫೋನ್ ರೀಸೆಟ್ ಮಾಡೋಣ ಅನ್ನುತ್ತಾರೆ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಹೆಚ್ಚಿನ ಸಲ ತಪ್ಪು ಆ್ಯಪ್‌ನಲ್ಲಿ ಇರುವುದೇ ಇಲ್ಲ. ನಂಬರ್‌ನಲ್ಲೋ ಸಿಮ್‌ನಲ್ಲೋ ಇರುತ್ತದೆ. ಆದ್ದರಿಂದ ಆ್ಯಪನ್ನು ಕೊನೆಗೆ ಮುಟ್ಟಿ. ಮೊದಲು ನಂಬರ್, ಆಮೇಲೆ ಸಿಮ್, ಆಮೇಲೆ ಫೋನ್. ಈ ಬರಹ ಅದೇ ಕ್ರಮದಲ್ಲಿ ಹೋಗುತ್ತದೆ.

ಮೊದಲು ಬೆರಳು ನಿಲ್ಲಿಸಿ

ಕೋಡ್ ಬರಲಿಲ್ಲ ಅಂದಕೂಡಲೇ 'ಮತ್ತೆ ಕಳಿಸಿ' ಒತ್ತುವುದು ಎಲ್ಲರ ಅಭ್ಯಾಸ. ಇದರಿಂದ ಎರಡು ನಷ್ಟ ಇದೆ. ಒಂದು, ಪ್ರತಿ ಸಲ ಒತ್ತಿದಾಗಲೂ ಮುಂದಿನ ಕೋಡ್‌ಗೆ ಕಾಯುವ ಹೊತ್ತು ಜಾಸ್ತಿ ಆಗುತ್ತದೆ. ಮೊದಲು ಒಂದೆರಡು ನಿಮಿಷ ಇದ್ದದ್ದು ಆಮೇಲೆ ಗಂಟೆಗಟ್ಟಲೆ ಆಗಬಹುದು. ಎರಡು, ಹಳೆಯ ಕೋಡ್ ತಡವಾಗಿ ಬಂದು ನೀವು ಅದನ್ನೇ ಹಾಕಿದರೆ ಆ್ಯಪ್ ಒಪ್ಪುವುದಿಲ್ಲ. ಕೊನೆಗೆ ಕೇಳಿದ ಕೋಡ್‌ಗೇ ಬೆಲೆ. ಸುಮ್ನೆ ಯಾವುದೋ ಅಂಕಿ ಊಹಿಸಿ ಹಾಕಿದರಂತೂ ವಾಟ್ಸಾಪ್ ಸ್ವಲ್ಪ ಹೊತ್ತು ಬಾಗಿಲೇ ಹಾಕಿಬಿಡುತ್ತದೆ.

ಪರದೆಯ ಮೇಲೆ ಎಣಿಕೆ ಇಳಿಯುತ್ತಿದೆಯಾ? ಅದು ಮುಗಿಯುವ ತನಕ ಮುಟ್ಟಬೇಡಿ. ಆ್ಯಪ್ ತೆಗೆದು ಹಾಕಿದರೆ, ಫೋನ್ ಆಫ್ ಮಾಡಿ ಆನ್ ಮಾಡಿದರೆ ಈ ಎಣಿಕೆ ಮಾಯವಾಗುತ್ತದೆ ಅನ್ನುವವರಿದ್ದಾರೆ. ಆಗುವುದಿಲ್ಲ. ಲೆಕ್ಕ ಇಟ್ಟಿರುವುದು ನಿಮ್ಮ ಫೋನ್ ಅಲ್ಲ, ಆ್ಯಪ್ ಕಂಪನಿಯ ಸರ್ವರ್. ಅದು ನಿಮ್ಮ ನಂಬರ್ ಮೇಲೆ ಇರುವ ಲೆಕ್ಕ. ಕಾಯುವ ಹೊತ್ತಿನಲ್ಲಿ ಕೆಳಗಿನ ಪರೀಕ್ಷೆಗಳನ್ನು ಮಾಡಿ.

ನಂಬರ್ ಸರಿ ಇದೆಯಾ

ಇದು ಚಿಲ್ಲರೆ ವಿಷಯ ಅನ್ನಿಸಬಹುದು. ಆದರೂ ಇಲ್ಲಿಂದಲೇ ಶುರು ಮಾಡಿ.

ದೇಶದ ಜಾಗದಲ್ಲಿ ಭಾರತ ಇರಬೇಕು, ಕೋಡ್ +91 ಇರಬೇಕು. ಅದರ ಮುಂದೆ ಬರೀ 10 ಅಂಕಿ. ಮೊದಲಿಗೆ ಸೊನ್ನೆ ಹಾಕಬೇಡಿ. ನಂಬರ್ ಜಾಗದಲ್ಲಿ ಮತ್ತೊಮ್ಮೆ 91 ಬರೆಯಬೇಡಿ. ಗಲ್ಫ್‌ನಿಂದ ತಂದ ಫೋನ್‌ಗಳಲ್ಲಿ ಆ್ಯಪ್ ತಾನಾಗಿಯೇ ಸೌದಿಯ +966 ಅಥವಾ ಎಮಿರೇಟ್ಸ್‌ನ +971 ತೋರಿಸುವುದುಂಟು. ಅವಸರದಲ್ಲಿ ಅದರ ಕೆಳಗೇ ನಮ್ಮ ನಂಬರ್ ಹಾಕಿದರೆ ಕೋಡ್ ಇಲ್ಲದ ನಂಬರ್‌ಗೋ, ಯಾರದೋ ಫೋನ್‌ಗೋ ಹೋಗುತ್ತದೆ.

ನಂಬರ್ ನೆನಪಿಲ್ಲವೇ? ಮನೆಯ ಹಿರಿಯರ ಫೋನ್ ಸಿದ್ಧ ಮಾಡುವಾಗ ಇದು ತುಂಬಾ ಸಲ ಆಗುತ್ತದೆ. "ಅವ್ವಾ, ನಿನ್ನ ನಂಬರ್ ಎಷ್ಟು?" ಅಂದರೆ ಹಳೆಯ ನಂಬರ್ ಹೇಳುತ್ತಾರೆ. ಬಾಯಿಮಾತು ನಂಬಬೇಡಿ, ರೀಚಾರ್ಜ್ ಚೀಟಿಯನ್ನೂ ನಂಬಬೇಡಿ. ಆ ಸಿಮ್‌ನಿಂದ ನಿಮ್ಮ ಫೋನ್‌ಗೆ ಒಂದು ಮಿಸ್ಡ್ ಕಾಲ್ ಕೊಡಿ. ಪರದೆ ಮೇಲೆ ಬಂದ ನಂಬರೇ ನಿಜವಾದ ನಂಬರ್. ಎರಡು ಸಿಮ್ ಇರುವ ಫೋನ್ ಆದರೆ ಎರಡರಿಂದಲೂ ಕೊಡಿ. ಯಾವ ಸಿಮ್ ಯಾವ ನಂಬರ್ ಅಂತ ಗೊತ್ತಾಗಲಿ.

ಕಾಲ್‌ಗೆ ದುಡ್ಡಿಲ್ಲ, ಪ್ಯಾಕ್ ಮುಗಿದಿದೆ ಅಂತ ಮಿಸ್ಡ್ ಕಾಲೇ ಹೋಗದಿದ್ದರೆ ಅದೇ ಒಂದು ಸುಳಿವು. ಮುಂದೆ ಓದಿ.

ಸಿಮ್ ಜೀವಂತ ಇದೆಯಾ: ಒಂದು ಕಾಲ್, ಒಂದು ಮೆಸೇಜ್

ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಇದೇ ಮುಖ್ಯ ಪರೀಕ್ಷೆ. ಮನೆಯಲ್ಲಿ ಇನ್ನೊಬ್ಬರ ಫೋನ್ ತಗೊಳ್ಳಿ. ಅದರಿಂದ ನಿಮ್ಮ ನಂಬರ್‌ಗೆ ಒಂದು ಕಾಲ್ ಮಾಡಿ. ಆಮೇಲೆ ಒಂದು ಸಾದಾ ಎಸ್‌ಎಂಎಸ್ ಕಳಿಸಿ, 'ಬಂತಾ' ಅಂತ ಬರೆದರೂ ಸಾಕು. ವಾಟ್ಸಾಪ್‌ನಿಂದ ಅಲ್ಲ, ಫೋನ್‌ನ ಮೆಸೇಜ್ ಆ್ಯಪ್‌ನಿಂದ. ಇಂಟರ್ನೆಟ್ ನಡೆಯುತ್ತಿದೆ ಅಂದಮಾತ್ರಕ್ಕೆ ಸಿಮ್ ಸರಿ ಇದೆ ಅಂತಲ್ಲ. ವೈಫೈ ಮೇಲೆ ಯೂಟ್ಯೂಬ್ ಓಡುತ್ತಿರುತ್ತದೆ, ಸಿಮ್ ಎಂದೋ ಬಂದ್ ಆಗಿರುತ್ತದೆ.

*ಕಾಲೂ ಬರಲಿಲ್ಲ, ಮೆಸೇಜೂ ಬರಲಿಲ್ಲ.* ಮೊದಲು ಟವರ್ ನೋಡಿ, ಆಮೇಲೆ ರೀಚಾರ್ಜ್. ಪ್ಯಾಕ್ ಮುಗಿದ ಕೂಡಲೇ ಹೊರಹೋಗುವ ಕಾಲ್ ನಿಲ್ಲುತ್ತದೆ. ಸ್ವಲ್ಪ ದಿನ ಬಿಟ್ಟು ಒಳಬರುವ ಕಾಲ್, ಮೆಸೇಜ್ ಕೂಡ ನಿಲ್ಲುತ್ತವೆ. 'ಬರೀ ಒಳಬರುವ ಮೆಸೇಜ್ ತಾನೇ, ಅದಕ್ಕ್ಯಾಕೆ ರೀಚಾರ್ಜ್' ಅಂತ ಕೇಳುವವರು ಬಹಳ. ಈಗಿನ ವ್ಯವಸ್ಥೆ ಹಾಗೇ ಇದೆ, ಏನು ಮಾಡುವುದು. ಡೇಟಾ ಮಾತ್ರ ಇರುವ ಪ್ಯಾಕ್ ಹಾಕಿಸಿದರೂ ಸಿಮ್‌ನ ವ್ಯಾಲಿಡಿಟಿ ಮುಂದುವರಿಯದೇ ಇರಬಹುದು. ಹಾಕಿಸುವ ಮೊದಲು 'ವ್ಯಾಲಿಡಿಟಿ ಬರುತ್ತಾ' ಅಂತ ಕೇಳಿ.

ಸಿಮ್ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಬಿದ್ದಿತ್ತು ಅಂದರೆ ಕಥೆ ಬೇರೆ. ಪ್ರೀಪೇಯ್ಡ್ ಸಿಮ್ ಅನ್ನು 90 ದಿನ ಬಳಸದೇ ಇದ್ದರೆ ಕಂಪನಿ ಅದನ್ನು ಬಂದ್ ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ಇನ್ನೂ 30 ದಿನ ಉಳಿಸುವ ನಿಯಮವಿದೆ. ಬಂದ್ ಆದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವಂತಿಲ್ಲ. ಆ ಗಡುವಿನೊಳಗೆ ಕಂಪನಿಯ ಅಧಿಕೃತ ಮಳಿಗೆಗೆ ಹೋಗಿ ಕೇಳಿ ನೋಡಿ. ಗಡುವು ಮುಗಿದು ನಂಬರ್ ಬೇರೆಯವರ ಪಾಲಾಗಿದ್ದರೆ ಆ ಆಸೆ ಬಿಟ್ಟುಬಿಡಿ. ಕೋಡ್ ಅವರ ಫೋನ್‌ಗೆ ಹೋಗುತ್ತಿದೆ.

*ಕಾಲ್ ಬಂತು, ಮೆಸೇಜ್ ಬರಲಿಲ್ಲ.* ಇಲ್ಲಿ ಸ್ವಲ್ಪ ನಿಧಾನಿಸಬೇಕು. ನೀವು ಈಚೆಗೆ ಸಿಮ್ ಬದಲಾಯಿಸಿದಿರಾ? ಕಳೆದ ಸಿಮ್‌ಗೆ ಡೂಪ್ಲಿಕೇಟ್ ತಗೊಂಡಿರಾ? 3ಜಿ ಸಿಮ್ ಕೊಟ್ಟು 4ಜಿ ಸಿಮ್ ತಂದಿರಾ? ಹೌದು ಅಂದರೆ ಉತ್ತರ ಸಿಕ್ಕಿತು. ಸಿಮ್ ಬದಲಾದ ಮೇಲೆ 24 ಗಂಟೆ ಆ ನಂಬರ್‌ಗೆ ಎಸ್‌ಎಂಎಸ್ ಬರುವುದಿಲ್ಲ, ಹೋಗುವುದೂ ಇಲ್ಲ. ದೂರಸಂಪರ್ಕ ಇಲಾಖೆಯ ಆದೇಶದಂತೆ ಕಂಪನಿಗಳು ಬೇಕೆಂದೇ ತಡೆದಿರುತ್ತವೆ.

ಕಾರಣ ಇದೆ. ಕಳ್ಳರು ನಿಮ್ಮ ಹೆಸರಿನಲ್ಲಿ ಸುಳ್ಳು ಕಾಗದ ಕೊಟ್ಟು ಡೂಪ್ಲಿಕೇಟ್ ಸಿಮ್ ತೆಗೆಸಿ, ಬ್ಯಾಂಕಿನ ಓಟಿಪಿ ತಮ್ಮ ಕಡೆ ತಿರುಗಿಸಿಕೊಳ್ಳುತ್ತಿದ್ದರು. ನಿಮ್ಮ ಕೈಲಿರುವ ಸಿಮ್ ಇದ್ದಕ್ಕಿದ್ದಂತೆ ಸತ್ತರೆ ಒಂದು ದಿನದೊಳಗೆ ನಿಮಗೆ ಅನುಮಾನ ಬರುತ್ತದೆ, ದೂರು ಕೊಡುತ್ತೀರಿ. ಆ ಒಂದು ದಿನ ಕಳ್ಳನಿಗೆ ಓಟಿಪಿ ಸಿಗದಿರಲಿ ಅಂತ ಈ ತಡೆ. ನಮಗೆ ಕಿರಿಕಿರಿ ಹೌದು, ಆದರೆ ಒಳ್ಳೆಯ ನಿಯಮ. ಸಿಮ್ ಕೊಟ್ಟವರು ಇದನ್ನು ಬಾಯಿಬಿಟ್ಟು ಹೇಳಿದ್ದರೆ ಅರ್ಧ ಜನ ಅಂಗಡಿ ಅಂಗಡಿ ಅಲೆಯುತ್ತಿರಲಿಲ್ಲ.

ಈ 24 ಗಂಟೆಯಲ್ಲೂ ಒಂದು ದಾರಿ ಇದೆ. ತಡೆ ಇರುವುದು ಎಸ್‌ಎಂಎಸ್‌ಗೆ ಮಾತ್ರ, ಕಾಲ್‌ಗೆ ಅಲ್ಲ. ಹಾಗಾಗಿ ಆ್ಯಪ್‌ನಲ್ಲಿ 'ನನಗೆ ಕರೆ ಮಾಡಿ' ಆಯ್ಕೆ ಮಾಡಿಕೊಳ್ಳಿ. ಅದರ ವಿವರ ಮುಂದಿದೆ.

ಸಿಮ್ ಬದಲಾಗಿಲ್ಲ, ಆದರೂ ಮೆಸೇಜ್ ಬರುತ್ತಿಲ್ಲ ಅಂದರೆ ಇವನ್ನು ನೋಡಿ. ಫೋನ್‌ನ ಜಾಗ ಪೂರ್ತಿ ತುಂಬಿದೆಯಾ? ಸಾವಿರಾರು ಶುಭೋದಯದ ಫೋಟೊ ಇಟ್ಟುಕೊಂಡವರ ಫೋನ್‌ನಲ್ಲಿ ಹೊಸ ಮೆಸೇಜ್ ಕೂರಲು ಜಾಗವೇ ಇರುವುದಿಲ್ಲ. ಮೆಸೇಜ್ ಆ್ಯಪ್‌ನ 'ಸ್ಪ್ಯಾಮ್ ಮತ್ತು ನಿರ್ಬಂಧಿಸಿದ್ದು' ಅನ್ನುವ ಮೂಲೆ ತೆಗೆದು ನೋಡಿ. ಟ್ರೂಕಾಲರ್ ಥರದ ಆ್ಯಪ್ ಇದ್ದರೆ ಮೆಸೇಜ್ ಅದರ ಬೇರೆ ಪೆಟ್ಟಿಗೆಯಲ್ಲಿ ಬಿದ್ದಿರಬಹುದು.

ಎರಡು ತಪ್ಪು ನಂಬಿಕೆಗಳು ಇಲ್ಲಿ ಓಡಾಡುತ್ತವೆ. 'ಡಿಎನ್‌ಡಿ ಹಾಕಿಸಿದ್ದೀಯಾ, ಅದಕ್ಕೇ ಓಟಿಪಿ ಬರ್ತಿಲ್ಲ' ಅನ್ನುವುದು ಒಂದು. 1909ಕ್ಕೆ ಹೇಳಿ ಹಾಕಿಸುವ ಡಿಎನ್‌ಡಿ ತಡೆಯುವುದು ಜಾಹೀರಾತನ್ನು. ಓಟಿಪಿಯನ್ನು ಅದು ಮುಟ್ಟುವುದಿಲ್ಲ. 'ಮೆಸೇಜ್ ಸೆಂಟರ್ ನಂಬರ್ ಬದಲಿಸು' ಅನ್ನುವುದು ಇನ್ನೊಂದು. ಆ ನಂಬರ್ ಬೇಕಾಗುವುದು ನೀವು ಮೆಸೇಜ್ ಕಳಿಸುವಾಗ. ಬರುವ ಮೆಸೇಜ್‌ಗೂ ಅದಕ್ಕೂ ಸಂಬಂಧವಿಲ್ಲ. ಸರಿ ಇದ್ದದ್ದನ್ನು ಕೆಡಿಸಿಕೊಳ್ಳಬೇಡಿ.

*ಎರಡೂ ಬಂದವು.* ಹಾಗಿದ್ದರೆ ಸಿಮ್ ಚೆನ್ನಾಗಿದೆ. ತೊಂದರೆ ಆ್ಯಪ್ ಕಡೆಯದು, ಇಲ್ಲವೇ ದಾರಿ ಮಧ್ಯದ್ದು. ಮುಂದಿನ ಟವರ್ ವಿಷಯ ಬಿಟ್ಟು ಕಾಲ್ ಆಯ್ಕೆಗೆ ಹೋಗಿ.

ಗಡಿ ಊರುಗಳ ಟವರ್

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಗಳ ಸುತ್ತ ಎರಡು ರಾಜ್ಯಗಳ ಗಡಿ ಇದೆ. ಅಫಜಲಪುರ, ಆಳಂದ, ಔರಾದ್, ಕಮಲನಗರದ ಕಡೆ ಫೋನ್ ಮಹಾರಾಷ್ಟ್ರದ ಟವರ್ ಹಿಡಿಯುವುದು ಮಾಮೂಲು. ಚಿಂಚೋಳಿ, ಸೇಡಂ, ಗುರುಮಠಕಲ್ ಕಡೆ ತೆಲಂಗಾಣದ ಟವರ್. ಇದೇನೂ ತಪ್ಪಲ್ಲ. ದೇಶದೊಳಗಿನ ರೋಮಿಂಗ್‌ನಲ್ಲೂ ಓಟಿಪಿ ಬರಬೇಕು. ತೊಂದರೆ ಆಗುವುದು ಫೋನ್ ಎರಡು ಟವರ್‌ಗಳ ನಡುವೆ ಆ ಕಡೆ ಈ ಕಡೆ ಜಿಗಿಯುತ್ತಿದ್ದಾಗ. ಡೇಟಾ ರೋಮಿಂಗ್ ಆಫ್ ಇದ್ದರೆ ನೆಟ್ ಕೂಡ ನಿಲ್ಲುತ್ತದೆ, ಆ್ಯಪ್‌ಗೆ ಸರ್ವರ್ ಮುಟ್ಟಲು ಆಗುವುದಿಲ್ಲ.

ಹೀಗೆ ಮಾಡಿ. ಮಾಳಿಗೆ ಮೇಲೆ ಹೋಗಿ. ಏರೋಪ್ಲೇನ್ ಮೋಡ್ ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಆಗಲೂ ಟವರ್ ಗಟ್ಟಿಯಾಗಿ ನಿಲ್ಲದಿದ್ದರೆ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ, ತಾನಾಗಿ ಆರಿಸುವುದನ್ನು ನಿಲ್ಲಿಸಿ, ನಿಮ್ಮ ಕಂಪನಿಯ ನೆಟ್‌ವರ್ಕನ್ನು ಕೈಯಿಂದ ಆರಿಸಿ. ಕೆಲಸ ಮುಗಿದ ಮೇಲೆ ಮರೆಯದೆ 'ಸ್ವಯಂಚಾಲಿತ'ಕ್ಕೆ ತಿರುಗಿಸಿ. ಇಲ್ಲವಾದರೆ ನಾಳೆ ಸೊಲ್ಲಾಪುರಕ್ಕೋ ಜಹೀರಾಬಾದ್‌ಗೋ ಹೋದಾಗ ಫೋನ್ ಸುಮ್ನೆ ಕೂರುತ್ತದೆ. ಜಿಯೋ ಸಿಮ್ ಇದ್ದರೆ ಫೋನ್‌ನಲ್ಲಿ ವೋಲ್ಟೆ, ಅಂದರೆ 4ಜಿ ಜಾಲದ ಮೇಲೆಯೇ ಮಾತಿನ ಕಾಲ್ ನಡೆಸುವ ಸೆಟ್ಟಿಂಗ್, ಆನ್ ಇರಲೇಬೇಕು. ಆ ಕಂಪನಿಗೆ 2ಜಿ, 3ಜಿ ಜಾಲವೇ ಇಲ್ಲ.

ಚಿಂಚೋಳಿಯ ಕಾಡಿನ ಕಡೆಯ ತಾಂಡಾಗಳಲ್ಲಿ ಇರುವವರಿಗೆ ನನ್ನ ಸಲಹೆ ಒಂದೇ. ಹೊಸ ಫೋನ್‌ನಲ್ಲಿ ವಾಟ್ಸಾಪ್ ಹಾಕುವ ಕೆಲಸವನ್ನು ಸಂತೆಗೆ ಬಂದ ದಿನ ಮಾಡಿ. ಒಮ್ಮೆ ನಂಬರ್ ಪರಿಶೀಲನೆ ಆದರೆ ದಿನಾ ದಿನಾ ಓಟಿಪಿ ಬೇಕಾಗಿಲ್ಲ.

ಕಾಲ್ ಮೂಲಕ ಕೋಡ್ ತಗೊಳ್ಳುವುದು

ವಾಟ್ಸಾಪ್‌ನಲ್ಲೂ ಸಿಗ್ನಲ್‌ನಲ್ಲೂ ಎಸ್‌ಎಂಎಸ್‌ನ ಎಣಿಕೆ ಮುಗಿದ ಮೇಲೆ ಕಾಲ್ ಆಯ್ಕೆ ಬರುತ್ತದೆ. ಒತ್ತಿದರೆ ಯಂತ್ರದ ದನಿಯಲ್ಲಿ ಕಾಲ್ ಬಂದು 6 ಅಂಕಿ ಹೇಳುತ್ತದೆ. ಸುಲಭ ಅಲ್ವಾ? ಆದರೂ ಇಲ್ಲಿ ಜನ ಎಡವುತ್ತಾರೆ.

ಕಾಲ್ ಒತ್ತುವ ಮೊದಲೇ ಪೆನ್ನು, ಕಾಗದ ಹತ್ತಿರ ಇಟ್ಟುಕೊಳ್ಳಿ. ದನಿ ಬೇಗ ಬೇಗ ಹೇಳುತ್ತದೆ, ಇಂಗ್ಲಿಷ್‌ನಲ್ಲಿ ಹೇಳಬಹುದು. ಹಿರಿಯರಿಗೆ ಕಷ್ಟ ಆದರೆ ಸ್ಪೀಕರ್ ಹಾಕಿ ನೀವು ಬರೆದುಕೊಳ್ಳಿ. ಕಾಲ್ ಗೊತ್ತಿಲ್ಲದ ನಂಬರ್‌ನಿಂದ ಬರುತ್ತದೆ. ಕೆಲವು ಸಲ ಹೊರದೇಶದ ನಂಬರ್‌ನಂತೆ ಕಾಣಬಹುದು. 'ಅಪರಿಚಿತ ಕರೆ ಮೌನವಾಗಿಸು' ಅನ್ನುವ ಸೆಟ್ಟಿಂಗ್ ಆನ್ ಇದ್ದರೆ ಗಂಟೆಯೇ ಹೊಡೆಯುವುದಿಲ್ಲ. ಟ್ರೂಕಾಲರ್ ತಾನೇ ಕಟ್ ಮಾಡಿಬಿಡುವುದೂ ಉಂಟು. ಇವನ್ನು ಹತ್ತು ನಿಮಿಷ ಆಫ್ ಮಾಡಿ.

ಕಾಲ್ ಫಾರ್ವರ್ಡಿಂಗ್ ಇನ್ನೊಂದು ಅಡ್ಡಿ. ಅಂಗಡಿಯ ಫೋನ್ ಮಗನ ನಂಬರ್‌ಗೆ ತಿರುಗಿಸಿಟ್ಟು ಮರೆತಿರುತ್ತಾರೆ. ಕೋಡ್ ಹೇಳುವ ಕಾಲ್ ಮಗನಿಗೆ ಹೋಗುತ್ತದೆ. ಫೋನ್‌ನ ಕಾಲ್ ಸೆಟ್ಟಿಂಗ್‌ನಲ್ಲಿ ಫಾರ್ವರ್ಡಿಂಗ್ ತೆಗೆಯಿರಿ, ಅಥವಾ ##002# ಒತ್ತಿ ಕಾಲ್ ಬಟನ್ ಒತ್ತಿದರೆ ಎಲ್ಲ ಫಾರ್ವರ್ಡಿಂಗ್ ಹೋಗುತ್ತದೆ.

ಆಂಡ್ರಾಯ್ಡ್ ಫೋನ್‌ನ ವಾಟ್ಸಾಪ್‌ನಲ್ಲಿ ಮಿಸ್ಡ್ ಕಾಲ್ ಮೂಲಕ ಪರಿಶೀಲಿಸುವ ಆಯ್ಕೆಯೂ ಕಾಣಬಹುದು. ಇದರಲ್ಲಿ ನೀವು ಕಾಲ್ ಎತ್ತಬೇಕಾಗಿಲ್ಲ. ಬಂದ ಕಾಲನ್ನು ಆ್ಯಪ್ ತಾನೇ ನೋಡಿಕೊಳ್ಳುತ್ತದೆ. ಆದರೆ ಕಾಲ್ ದಾಖಲೆ ನೋಡುವ ಅನುಮತಿ ಕೊಡಬೇಕು, ಸಿಮ್ ಅದೇ ಫೋನ್‌ನಲ್ಲಿ ಇರಬೇಕು.

ಸಿಮ್ ಸಾದಾ ಕೀಪ್ಯಾಡ್ ಫೋನ್‌ನಲ್ಲಿದೆ, ವಾಟ್ಸಾಪ್ ಬೇರೆ ಸ್ಮಾರ್ಟ್‌ಫೋನ್‌ನಲ್ಲಿ ಬೇಕು ಅನ್ನುವವರಿಗೆ ಎಸ್‌ಎಂಎಸ್ ಅಥವಾ ಮಾತಿನ ಕಾಲೇ ಸರಿ. ಕೀಪ್ಯಾಡ್ ಫೋನ್‌ಗೆ ಬಂದ ಕೋಡನ್ನು ಸ್ಮಾರ್ಟ್‌ಫೋನ್‌ನಲ್ಲಿ ಹಾಕಿದರೆ ಪರಿಶೀಲನೆಯ ಹಂತ ದಾಟುತ್ತದೆ. ಆದರೆ ಇದನ್ನೇ ನೆಚ್ಚಿ ಕೂರಬೇಡಿ. 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಮೆಸೇಜಿಂಗ್ ಆ್ಯಪ್‌ಗಳಿಗೆ ಒಂದು ನಿರ್ದೇಶನ ಕೊಟ್ಟಿತು. ಯಾವ ನಂಬರ್‌ನಲ್ಲಿ ಖಾತೆ ಇದೆಯೋ ಆ ಸಿಮ್ ಅದೇ ಫೋನ್‌ನಲ್ಲಿ ಇದ್ದರೆ ಮಾತ್ರ ಆ್ಯಪ್ ನಡೆಯಬೇಕು ಅನ್ನುವುದು ಅದರ ಸಾರ. ಆದ್ದರಿಂದ ಸಾಧ್ಯವಿದ್ದರೆ ಸಿಮ್ಮನ್ನು ಸ್ಮಾರ್ಟ್‌ಫೋನ್‌ಗೇ ಹಾಕಿಬಿಡಿ.

ಟೆಲಿಗ್ರಾಂನವರು ಗಮನಿಸಿ

ಟೆಲಿಗ್ರಾಂ ಬಳಸುವವರು ಎಸ್‌ಎಂಎಸ್‌ಗೆ ಕಾಯುತ್ತಾ ಕೂರುತ್ತಾರೆ. ಆದರೆ ನಿಮ್ಮ ಖಾತೆ ಇನ್ನೊಂದು ಫೋನ್‌ನಲ್ಲೋ ಕಂಪ್ಯೂಟರ್‌ನಲ್ಲೋ ತೆರೆದಿದ್ದರೆ ಟೆಲಿಗ್ರಾಂ ಕೋಡನ್ನು ಮೊದಲು ಅಲ್ಲಿಗೇ ಕಳಿಸುತ್ತದೆ. 'ಟೆಲಿಗ್ರಾಂ' ಅನ್ನುವ ಹೆಸರಿನ ಚಾಟ್‌ನಲ್ಲಿ ಕೋಡ್ ಬಿದ್ದಿರುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ ಲಾಗಿನ್ ಆಗಿ ಹಾಗೇ ಬಂದಿದ್ದೀರಾ? ಕೋಡ್ ಅಲ್ಲಿದೆ. ಎಸ್‌ಎಂಎಸ್ ಮೂಲಕ ಕಳಿಸು ಅನ್ನುವ ಆಯ್ಕೆ ಬರುವ ತನಕ ಕಾಯಬೇಕು.

ಸಿಗ್ನಲ್ ಕೋಡ್ ಕಳಿಸುವ ಮೊದಲು ನೀವು ಮನುಷ್ಯರೇ ಅಂತ ತಿಳಿಯಲು ಚಿತ್ರದ ಒಗಟು ಕೊಡಬಹುದು. ಅದನ್ನು ಮುಗಿಸದೆ ಹಿಂದೆ ಬಂದರೆ ಕೋಡ್ ಹೊರಡುವುದೇ ಇಲ್ಲ.

ಪಿನ್ ಕೇಳಿದರೆ ಅದು ಓಟಿಪಿ ಅಲ್ಲ

ಕೋಡ್ ಬಂತು, ಹಾಕಿದಿರಿ, ಆಮೇಲೆ ಮತ್ತೆ 6 ಅಂಕಿ ಕೇಳಿತು. ಇಲ್ಲಿ ಬಹಳ ಜನ ಅದೇ ಓಟಿಪಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ. ವಾಟ್ಸಾಪ್‌ನ ಎರಡನೆಯ ಪರದೆ ಕೇಳುವುದು ಎರಡು ಹಂತದ ಪರಿಶೀಲನೆಯ ಪಿನ್. ಅದು ಎಸ್‌ಎಂಎಸ್‌ನಲ್ಲಿ ಬರುವುದಿಲ್ಲ. ಎಂದೋ ನೀವೇ ಇಟ್ಟಿದ್ದು, ಅಥವಾ ನಿಮ್ಮ ಫೋನ್ ಸಿದ್ಧ ಮಾಡಿಕೊಟ್ಟವರು ಇಟ್ಟಿದ್ದು.

ಮರೆತಿದ್ದರೆ 'ಪಿನ್ ಮರೆತಿರಾ' ಒತ್ತಿ. ಆಗ ಇಮೇಲ್ ಕೊಟ್ಟಿದ್ದರೆ ಅದಕ್ಕೆ ಲಿಂಕ್ ಬರುತ್ತದೆ, ಅಲ್ಲಿಂದ ಪಿನ್ ತೆಗೆಯಬಹುದು. ಇಮೇಲ್ ಕೊಟ್ಟಿಲ್ಲದಿದ್ದರೆ 7 ದಿನ ಕಾಯಬೇಕು. ಅದಕ್ಕೆ ಅಡ್ಡದಾರಿ ಇಲ್ಲ. 'ಐನೂರು ಕೊಡ್ರಿ, ಪಿನ್ ತೆಗೆದುಕೊಡ್ತೀನಿ' ಅನ್ನುವವರಿಗೆ ದುಡ್ಡು ಕೊಡಬೇಡಿ.

ಸಿಗ್ನಲ್‌ನಲ್ಲೂ ಹೀಗೇ ನೋಂದಣಿ ಬೀಗ ಇದೆ. ಬಳಸದೆ 7 ದಿನ ಕಳೆದರೆ ಅದು ತೆರೆದುಕೊಳ್ಳುತ್ತದೆ. ಟೆಲಿಗ್ರಾಂನಲ್ಲಿ ಇರುವುದು ಪಾಸ್‌ವರ್ಡ್, ಅಂಕಿಯೇ ಆಗಬೇಕೆಂದಿಲ್ಲ.

ಹೊಸ ಸಿಮ್ ಕೊಂಡವರಿಗೂ ಈ ಪಿನ್ ಎದುರಾಗಬಹುದು. ನಿಮಗೆ ಬಂದ ನಂಬರ್ ಮೊದಲು ಬೇರೆಯವರದ್ದಾಗಿರುತ್ತದೆ, ಅವರು ಪಿನ್ ಇಟ್ಟಿರುತ್ತಾರೆ. ಇಲ್ಲೂ 7 ದಿನದ ಕಾಯುವಿಕೆಯೇ. ಹಳೆಯ ಮಾಲೀಕರ ಫೋಟೊ ಕಂಡರೆ ಗಾಬರಿ ಬೇಡ. 45 ದಿನ ಬಳಕೆಯಿಲ್ಲದ ಖಾತೆಯ ನಂಬರನ್ನು ಬೇರೆ ಫೋನ್‌ನಲ್ಲಿ ಶುರು ಮಾಡಿದರೆ ಹಳೆಯ ಫೋಟೊ, ಪರಿಚಯದ ಸಾಲನ್ನು ವಾಟ್ಸಾಪ್ ಅಳಿಸುತ್ತದೆ. ಅವರ ಹಳೆಯ ಚಾಟ್ ನಿಮಗೆ ಕಾಣುವುದಿಲ್ಲ. ಅವರ ನೆಂಟರು ಮಾತ್ರ 'ಮಾಮಾ, ಎಲ್ಲಿದ್ದೀರಿ' ಅಂತ ಮೆಸೇಜ್ ಹಾಕಬಹುದು, ನೀವೇ ತಿಳಿಸಿ ಹೇಳಬೇಕು.

ಈಗ ಆ್ಯಪ್, ಫೋನ್

ಮೇಲಿನದೆಲ್ಲ ಸರಿ ಇದ್ದರೆ ಇವನ್ನು ಒಂದೊಂದಾಗಿ ನೋಡಿ.

ತಾರೀಖು, ಸಮಯ ತಾನಾಗಿ ಹೊಂದುವಂತೆ ಇಡಿ. ಬ್ಯಾಟರಿ ಪೂರ್ತಿ ಇಳಿದು ಎದ್ದ ಹಳೆಯ ಫೋನ್‌ಗಳಲ್ಲಿ ಹಳೆಯ ಯಾವುದೋ ವರ್ಷ ಕೂತಿರುತ್ತದೆ. ಆಗ ಆ್ಯಪ್‌ಗೂ ಸರ್ವರ್‌ಗೂ ಮಾತೇ ನಡೆಯುವುದಿಲ್ಲ.

ವಿಪಿಎನ್, ಅಂದರೆ ನಿಮ್ಮ ಇಂಟರ್ನೆಟ್ಟನ್ನು ಬೇರೆ ಸರ್ವರ್ ಮೂಲಕ ಸುತ್ತಿಸುವ ಆ್ಯಪ್, ಇದ್ದರೆ ಆಫ್ ಮಾಡಿ. ಹಾಸ್ಟೆಲ್, ಆಫೀಸಿನ ವೈಫೈ ಬಿಟ್ಟು ಮೊಬೈಲ್ ಡೇಟಾ ಹಾಕಿ ನೋಡಿ.

ಆ್ಯಪನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದಲೇ ತಗೊಳ್ಳಿ. ಜಿಬಿ ವಾಟ್ಸಾಪ್‌ನಂಥ ನಕಲಿಗಳನ್ನು ಹುಡುಗರು ಒಬ್ಬರಿಂದೊಬ್ಬರಿಗೆ ಕಳಿಸುತ್ತಾರೆ. 'ಲಾಗಿನ್ ಆಗಲು ಅಧಿಕೃತ ವಾಟ್ಸಾಪ್ ಬೇಕು' ಅಂತ ಬಂದರೆ ಕಾರಣ ಅದೇ. ಆ ನಕಲಿ ತೆಗೆದು ಅಸಲಿ ಹಾಕಿ.

ಫೋನ್ ತೀರಾ ಹಳೆಯದಾದರೆ ಕೋಡ್ ಬಂದರೂ ಉಪಯೋಗವಿಲ್ಲ. ಆಂಡ್ರಾಯ್ಡ್ 5.0ಕ್ಕಿಂತ ಹಳೆಯದರಲ್ಲಿ ವಾಟ್ಸಾಪ್ ನಡೆಯುವುದಿಲ್ಲ. ಜಿಯೋಫೋನ್‌ನಂಥ ಕೈಓಎಸ್ ಕೀಪ್ಯಾಡ್ ಫೋನ್‌ಗಳಲ್ಲಿ ಒಂದು ಕಾಲಕ್ಕೆ ನಡೆಯುತ್ತಿತ್ತು, ಈಗ ಆ ಬೆಂಬಲ ನಿಂತಿದೆ.

'ಈ ಖಾತೆ ವಾಟ್ಸಾಪ್ ಬಳಸುವಂತಿಲ್ಲ' ಅಂತ ಬಂದರೆ ಅದು ಓಟಿಪಿ ತೊಂದರೆ ಅಲ್ಲವೇ ಅಲ್ಲ. ಖಾತೆಯನ್ನು ತಡೆದಿದ್ದಾರೆ. ಅದೇ ಪರದೆಯಲ್ಲಿ ಮರುಪರಿಶೀಲನೆ ಕೇಳುವ ಬಟನ್ ಇರುತ್ತದೆ. ಒತ್ತಿ, ಏನಾಯಿತೆಂದು ಸರಳವಾಗಿ ಬರೆದು ಕಾಯಿರಿ.

ಕಂಪನಿಗೆ ಫೋನ್ ಮಾಡಿದಾಗ ಏನು ಕೇಳಬೇಕು

ಮೊಬೈಲ್ ಕಂಪನಿಯ ದೂರಿನ ನಂಬರ್ 198. 'ಓಟಿಪಿ ಬರ್ತಿಲ್ಲ' ಅಂತ ಅಷ್ಟೇ ಹೇಳಿದರೆ ಅವರು 'ಫೋನ್ ರೀಸ್ಟಾರ್ಟ್ ಮಾಡಿ ಸರ್' ಅನ್ನುತ್ತಾರೆ. ಹೀಗೆ ಕೇಳಿ:

"ನನ್ನ ನಂಬರ್ ಚಾಲ್ತಿಯಲ್ಲಿದೆಯಾ? ಒಳಬರುವ ಎಸ್‌ಎಂಎಸ್‌ಗೆ ತಡೆ ಇದೆಯಾ? ಈಚೆಗೆ ಸಿಮ್ ಬದಲಾವಣೆ ಆಗಿದೆ ಅಂತ ದಾಖಲೆ ತೋರಿಸುತ್ತಿದೆಯಾ? ಬೇರೆ ಫೋನ್‌ನಿಂದ ಕಳಿಸಿದ ಮೆಸೇಜ್ ಬರುತ್ತಿಲ್ಲ, ದೂರು ದಾಖಲಿಸಿ ದೂರಿನ ಸಂಖ್ಯೆ ಕೊಡಿ."

ಮೂರನೆಯ ಪ್ರಶ್ನೆಗೆ ಅವರು ಹೌದು ಅಂದು, ನೀವು ಸಿಮ್ ಬದಲಾಯಿಸಿಯೇ ಇಲ್ಲ ಅಂದರೆ ವಿಷಯ ಗಂಭೀರ. ಕೂಡಲೇ ಸಿಮ್ ಬಂದ್ ಮಾಡಿಸಿ, ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು.

ಡೂಪ್ಲಿಕೇಟ್ ಸಿಮ್ ಬೇಕಾದರೆ ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಹೋಗಬೇಕು. ಪುಣೆಯಲ್ಲಿ ದುಡಿಯುವಾಗ ಮೇಸ್ತ್ರಿ ತನ್ನ ಹೆಸರಿನಲ್ಲಿ ಸಿಮ್ ತೆಗೆಸಿಕೊಟ್ಟಿದ್ದರೆ ಊರಿಗೆ ಬಂದ ಮೇಲೆ ಆ ನಂಬರ್ ಉಳಿಸಿಕೊಳ್ಳುವುದು ಕಷ್ಟ. ಹಳೆಯ ಫೋನ್‌ನಲ್ಲಿ ವಾಟ್ಸಾಪ್ ಇನ್ನೂ ನಡೆಯುತ್ತಿರುವಾಗಲೇ ನಿಮ್ಮ ಹೆಸರಿನ ಹೊಸ ಸಿಮ್ ತಂದು, ಸೆಟ್ಟಿಂಗ್‌ನ ಖಾತೆ ವಿಭಾಗದಲ್ಲಿ 'ನಂಬರ್ ಬದಲಿಸಿ' ಆಯ್ಕೆಯಿಂದ ಹೊಸ ನಂಬರ್‌ಗೆ ದಾಟಿಕೊಳ್ಳಿ. ಗುಂಪುಗಳು, ಚಾಟ್ ಎಲ್ಲ ಜೊತೆಗೇ ಬರುತ್ತವೆ.

ಕೇಳದೇ ಬಂದ ಕೋಡ್

ನೀವು ಏನೂ ಒತ್ತಿಲ್ಲ, ಆದರೂ ವಾಟ್ಸಾಪ್ ಕೋಡ್ ಬಂತು. ಯಾರೋ ನಂಬರ್ ತಪ್ಪಾಗಿ ಹಾಕಿರಬಹುದು, ಅಥವಾ ನಿಮ್ಮ ಖಾತೆ ಎಳೆದುಕೊಳ್ಳಲು ನೋಡುತ್ತಿರಬಹುದು. ಆಮೇಲೆ ಗುರುತಿನವರ ಹೆಸರಿನಲ್ಲೇ ಮೆಸೇಜ್ ಬರುತ್ತದೆ: "ಕಾಕಾ, ನನ್ನ ಕೋಡ್ ತಪ್ಪಿ ನಿಮ್ಮ ನಂಬರ್‌ಗೆ ಬಂದದ, ಸ್ವಲ್ಪ ಹೇಳ್ರಿ." ಹೇಳಬೇಡಿ. ಆ ಗುರುತಿನವರ ಖಾತೆ ಮೊದಲೇ ಕಳುವಾಗಿರುತ್ತದೆ. ಅವರಿಗೆ ಸಾದಾ ಕಾಲ್ ಮಾಡಿ ತಿಳಿಸಿ.

ಕೋಡ್ ಹೇಳಿಬಿಟ್ಟು ಖಾತೆ ಹೋಗಿದ್ದರೂ ದಾರಿ ಇದೆ. ನಿಮ್ಮ ಫೋನ್‌ನಲ್ಲಿ ಅದೇ ನಂಬರ್ ಹಾಕಿ ಮತ್ತೆ ಕೋಡ್ ತರಿಸಿ ಹಾಕಿ. ಆ ಕ್ಷಣವೇ ಕಳ್ಳ ಹೊರಬೀಳುತ್ತಾನೆ. ಅವನು ಪಿನ್ ಇಟ್ಟಿದ್ದರೆ ನೀವು ಒಳಗೆ ಹೋಗಲು 7 ದಿನ ಕಾಯಬೇಕು. ಆದರೆ ಅಷ್ಟರಲ್ಲಿ ಅವನೂ ಆ ಖಾತೆ ಬಳಸಲಾರ.

ಅಂಗಡಿಯಲ್ಲಿ ಫೋನ್ ಸಿದ್ಧ ಮಾಡಿಸುವಾಗ ಕೋಡನ್ನು ನೀವೇ ಒತ್ತಿ. ಇಮೇಲ್ ಜಾಗದಲ್ಲಿ ಅಂಗಡಿಯವರ ಇಮೇಲ್ ಹಾಕಿಸಬೇಡಿ. ಅವರು ಒಳ್ಳೆಯವರೇ ಇರಬಹುದು. ಆದರೆ ನಾಳೆ ಪಿನ್ ಮರೆತಾಗ ಲಿಂಕ್ ಹೋಗುವುದು ಅವರಿಗೆ.

ಕೋಡ್ ಒಪ್ಪಿದ ಕೂಡಲೇ

ಖುಷಿಯಲ್ಲಿ ಮುಂದೆ ಮುಂದೆ ಒತ್ತಬೇಡಿ. ಹಳೆಯ ಚಾಟ್ ಮರಳಿ ತರಲೇ ಅಂತ ವಾಟ್ಸಾಪ್ ಕೇಳುವುದು ಇದೊಂದೇ ಸಲ. ಅಲ್ಲಿ 'ಬಿಟ್ಟುಬಿಡಿ' ಒತ್ತಿದರೆ ಆ್ಯಪ್ ತೆಗೆದು, ಮತ್ತೆ ಹಾಕಿ, ಮತ್ತೆ ಕೋಡ್‌ಗೆ ಕಾಯಬೇಕಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಬ್ಯಾಕಪ್ ಇರುವುದು ಗೂಗಲ್ ಖಾತೆಯಲ್ಲಿ. ಹೊಸ ಫೋನ್‌ನಲ್ಲಿ ಹೊಸ ಜಿಮೇಲ್ ಮಾಡಿಕೊಂಡಿದ್ದರೆ ಬ್ಯಾಕಪ್ ಸಿಗುವುದಿಲ್ಲ. ಹಳೆಯ ಜಿಮೇಲನ್ನೇ ಮೊದಲು ಫೋನ್‌ಗೆ ಸೇರಿಸಿ. ನಂಬರ್ ಕೂಡ ಬ್ಯಾಕಪ್ ಮಾಡಿದಾಗ ಇದ್ದದ್ದೇ ಇರಬೇಕು.

ಅದಾದ ಮೇಲೆ ಸೆಟ್ಟಿಂಗ್‌ನ ಖಾತೆ ವಿಭಾಗಕ್ಕೆ ಹೋಗಿ ಎರಡು ಹಂತದ ಪರಿಶೀಲನೆ ಆನ್ ಮಾಡಿ. ನಿಮ್ಮದೇ ಪಿನ್, ನಿಮ್ಮದೇ ಇಮೇಲ್ ಹಾಕಿ. ಹಿರಿಯರ ಫೋನ್ ಆದರೆ ಪಿನ್ ಅನ್ನು ಮನೆಯ ಲೆಕ್ಕದ ಡೈರಿಯಲ್ಲಿ ಬರೆದಿಡಿ, ಫೋನ್ ಕವರ್ ಒಳಗಿನ ಚೀಟಿಯಲ್ಲಿ ಬೇಡ.